ಹಸುಗೂಸಿನ ಮನೆಯಲ್ಲಿ ರಾತ್ರಿ ಪಾಳಿ: ಹೊಸ ಅಪ್ಪಂದಿರಿಗೆ

ಬಾಣಂತಿಗೆ ಮೊದಲು ಬೇಕಾದದ್ದು ನಿದ್ದೆ. ಅಂಟಿನುಂಡೆ, ಮೆಂತ್ಯ, ಸಬ್ಬಸಿಗೆ ಸೊಪ್ಪು ಎಲ್ಲ ಆಮೇಲೆ. ನಾನು ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು. ಮಗಳು ಹುಟ್ಟಿದಾಗ ಅತ್ತೆ ನಮ್ಮ ಮನೆಗೇ ಬಂದು ಬಾಣಂತನ ಮಾಡಿದರು. ಎಣ್ಣೆ-ನೀರು, ಬಟ್ಟೆ, ಪಥ್ಯದ ಅಡುಗೆ, ಹಗಲಿನ ಕೆಲಸವೆಲ್ಲ ಅವರದು. ಅವರಿಗೂ ವಯಸ್ಸಾಗಿದೆ, ಮಂಡಿನೋವು ಬೇರೆ. ಹಾಗಾಗಿ ರಾತ್ರಿಯನ್ನು ನಾನು ವಹಿಸಿಕೊಂಡೆ. ಮನೆಯಲ್ಲಿ ಹೆರಿಗೆಗೆ ದಿನ ಎಣಿಸುತ್ತಿರುವ ಗಂಡಸರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅಂದರೆ ಎರಡು-ಮೂರು ಗಂಟೆಗೊಮ್ಮೆ. ಕುಡಿಸಿ, ತೇಗು ಬರಿಸಿ, ಬಟ್ಟೆ ಬದಲಿಸಿ ಮಲಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿರುತ್ತದೆ. ತಾಯಿಯೊಬ್ಬಳೇ ಇದನ್ನೆಲ್ಲ ಮಾಡಿದರೆ ಅವಳಿಗೆ ಒಟ್ಟಿಗೆ ಎರಡು ಗಂಟೆ ನಿದ್ದೆಯೂ ಸಿಗುವುದಿಲ್ಲ. ಇದರಲ್ಲಿ ಅವಳಿಂದಲೇ ಆಗಬೇಕಾದದ್ದು ಹಾಲು ಕುಡಿಸುವುದೊಂದೇ. ಉಳಿದದ್ದೆಲ್ಲ ನಿಮ್ಮಿಂದ ಆಗುತ್ತದೆ.

ಮಲಗುವ ಮುಂಚೆ ಒಂದು ಬುಟ್ಟಿ ಸಿದ್ಧ ಮಾಡಿಕೊಳ್ಳಿ. ಮಡಚಿದ ಲಂಗೋಟಿಗಳು, ಹತ್ತಿ, ಫ್ಲಾಸ್ಕಿನಲ್ಲಿ ಬೆಚ್ಚಗಿನ ನೀರು, ಅವಳಿಗೆ ಕುಡಿಯಲು ಒಂದು ತಂಬಿಗೆ ನೀರು. ರಾತ್ರಿ ಟ್ಯೂಬ್‌ಲೈಟ್ ಹಾಕಬೇಡಿ, ಜೀರೋ ಬಲ್ಬ್ ಸಾಕು. ಮಗು ಕುಯ್‌ಗುಟ್ಟಿದಾಗ ಏಳಬೇಕಾದವರು ನೀವು. ಬಟ್ಟೆ ಒದ್ದೆಯಾಗಿದ್ದರೆ ಬದಲಿಸಿ, ಆಮೇಲೆ ತಾಯಿಯ ಕೈಗೆ ಕೊಡಿ. ಕುಡಿದಾದ ಮೇಲೆ ವಾಪಸ್ ಎತ್ತಿಕೊಳ್ಳಿ. ಅವಳು ಹಾಗೇ ಮಲಗಲಿ.

ತೇಗು ಬರಿಸುವಾಗ ಮಗುವಿನ ಗಲ್ಲ ನಿಮ್ಮ ಹೆಗಲ ಮೇಲಿರಲಿ. ಒಂದು ಕೈ ಕುಂಡೆಯ ಕೆಳಗೆ, ಇನ್ನೊಂದು ಬೆನ್ನಿಗೆ. ತಲೆ ಹಿಂದಕ್ಕೆ ವಾಲದ ಹಾಗೆ ನೋಡಿಕೊಂಡು, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಸವರಿ. ಸ್ವಲ್ಪ ಹಾಲು ಕಕ್ಕುವುದು ಸಹಜ, ಹೆಗಲಿಗೆ ಹಳೇ ಪಂಚೆಯ ತುಂಡು ಹಾಕಿಕೊಳ್ಳಿ. ಹತ್ತು ನಿಮಿಷವಾದರೂ ತೇಗು ಬರದಿದ್ದರೆ ಬಿಡಿ. ಪ್ರತಿ ಸಲ ಬರಲೇಬೇಕು ಅಂತೇನಿಲ್ಲ. ಮಲಗಿಸುವುದು ಮಾತ್ರ ಅಂಗಾತ, ಯಾವಾಗಲೂ. ದಿಂಬು ಬೇಡ, ಮುಖದ ಹತ್ತಿರ ಕಂಬಳಿ ಬೇಡ. ನಿಮಗೆ ನಿದ್ದೆ ಎಳೆಯುತ್ತಿದ್ದರೆ ಮಗುವನ್ನು ಎದೆ ಮೇಲೆ ಹಾಕಿಕೊಂಡು ಸೋಫಾದಲ್ಲಿ ಕೂರಲೇಬೇಡಿ. ಕಣ್ಣು ಹತ್ತಿಬಿಟ್ಟರೆ ಮಗುವಿನ ಉಸಿರು ಕಟ್ಟಬಹುದು.

ಮೊದಲ ನಾಲ್ಕು ವಾರ ಕಳೆದು ಮಗುವಿನ ತೂಕ ಸರಿಯಾಗಿ ಏರುತ್ತಿದೆ ಅಂತ ಡಾಕ್ಟರು ಹೇಳಿದ ಮೇಲೆ ಇನ್ನೊಂದು ದಾರಿ ಇದೆ. ತಾಯಿ ಹಾಲು ಹಿಂಡಿಟ್ಟು ಮಲಗಲಿ, ನೀವು ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಕುಡಿಸಿ. ಹಿಂಡಿದ ಹಾಲು ತಂಪಾದ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಒಳಲೆಯನ್ನು ತೊಳೆದು ಕುದಿಸಿರಬೇಕು. ಮಗುವಿನ ತಲೆ ಎತ್ತರಕ್ಕಿಟ್ಟು, ಒಳಲೆಯ ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ. ಮಗು ತಾನಾಗಿ ಚಪ್ಪರಿಸಿಕೊಂಡಷ್ಟೇ ಒಳಗೆ ಹೋಗಲಿ, ಸುರಿಯಬೇಡಿ. ನಮ್ಮವಳು ಹೀಗೆ ಮೊದಲ ಸಲ ಒಂಬತ್ತರಿಂದ ಒಂದರವರೆಗೆ ಪಕ್ಕದ ಕೋಣೆಯಲ್ಲಿ ಒಂದೇ ಸಮ ಮಲಗಿದಳು. ಎದ್ದು ಬಂದಾಗ ಕೆನ್ನೆ ಮೇಲೆ ದಿಂಬಿನ ಗೆರೆ ಮೂಡಿತ್ತು. "ರೀ, ಹೊಟ್ಟೆ ಹಸೀತಿದೆ" ಅಂದಳು. ಅಲ್ಲಿಯವರೆಗೆ ಅತ್ತೆ ಬಲವಂತ ಮಾಡಿದರೂ ಊಟ ಸೇರುತ್ತಿರಲಿಲ್ಲ ಅವಳಿಗೆ. ಒಂದರ ಮೇಲೆ ನಾನು ಮಲಗಿದೆ. ಬೆಳಿಗ್ಗೆ ಬೈಕ್ ಓಡಿಸಿಕೊಂಡು ಕೆಲಸಕ್ಕೆ ಹೋಗುವವರಿಗೂ ನಿದ್ದೆ ಬೇಕೇ ಬೇಕು.

ಇನ್ನು ಭಯದ ವಿಷಯ. ನಿದ್ದೆಗೆಟ್ಟವರಿಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ಹಗಲಿನಲ್ಲೇ ತಿಳಿದುಕೊಂಡಿರಿ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಉಸಿರು. ಹಸುಗೂಸು ಬೇಗ ಬೇಗ ಉಸಿರಾಡಿ, ಕೆಲವು ಸೆಕೆಂಡ್ ಸುಮ್ಮನಾಗಿ, ಮತ್ತೆ ಶುರು ಮಾಡುತ್ತದೆ. ಹತ್ತು ಸೆಕೆಂಡಿನೊಳಗಿನ ಇಂಥ ತಡೆ ಸಹಜ. ಅನುಮಾನವಿದ್ದರೆ ಅಂಗಿ ಸರಿಸಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಮಗು ಶಾಂತವಾಗಿದ್ದಾಗಲೂ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ ಆಸ್ಪತ್ರೆಗೆ ಹೊರಡಿ. ತುಟಿ ನೀಲಿಯಾದರೆ, ಉಸಿರೆಳೆದಾಗ ಎದೆಗೂಡಿನ ಕೆಳಗೆ ಗುಳಿ ಬಿದ್ದರೆ, ಮಗು ನರಳುತ್ತಿದ್ದರೆ ಎಣಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಜ್ವರ 100.4 ಡಿಗ್ರಿ ದಾಟಿದರೂ, ಮಗು ಹಾಲು ಬಿಟ್ಟು ಮಂಕಾದರೂ, ಅಂಗೈ-ಅಂಗಾಲು ಹಳದಿಯಾದರೂ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಹಾಲು ಸಾಲುತ್ತಿದೆಯಾ ಅನ್ನುವುದಕ್ಕೆ ಉಚ್ಚೆಯೇ ಉತ್ತರ. ಮೊದಲ ವಾರ ಕಳೆದ ಮೇಲೆ ದಿನಕ್ಕೆ 6 ಸಲವೋ ಅದಕ್ಕಿಂತ ಹೆಚ್ಚೋ ಮಾಡುತ್ತಿದ್ದು, ತೂಕವೂ ಏರುತ್ತಿದ್ದರೆ ಸಾಲುತ್ತಿದೆ ಅಂತಲೇ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿದು, ಎರಡು ವಾರದೊಳಗೆ ಮತ್ತೆ ಹುಟ್ಟಿದಾಗಿನಷ್ಟಾಗುತ್ತದೆ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದು ಉಚ್ಚೆಗೆ ಒಂದೊಂದು ಗೀಟು ಎಳೆಯುತ್ತಿದ್ದೆ. "ಹಾಲು ಸಾಲ್ತಿಲ್ವೇನೋ" ಅಂತ ಯಾರಾದರೂ ತಾಯಿಯ ಮುಂದೆ ಹೇಳಿದಾಗ ಆ ಗೀಟುಗಳನ್ನು ತೋರಿಸುತ್ತಿದ್ದೆ. ಆಶಾ ಕಾರ್ಯಕರ್ತೆಯರು ಹೆರಿಗೆಯಾದ 3, 7, 14, 21, 28, 42ನೇ ದಿನ ಮನೆಗೆ ಬಂದು ತೂಕ, ಜ್ವರ ನೋಡುತ್ತಾರೆ. ಬಂದಾಗ ಮನಸ್ಸಿನಲ್ಲಿರುವುದನ್ನೆಲ್ಲ ಕೇಳಿ.

ಜೇನುತುಪ್ಪ, ತೇಯ್ದ ಬಜೆ, ಸಕ್ಕರೆ ನೀರು ನಾಲಿಗೆಗೆ ಮುಟ್ಟಿಸಲು ಹಿರಿಯರು ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ. ಆದರೂ ಬೇಡ. ಆರು ತಿಂಗಳು ತಾಯಿ ಹಾಲು ಬಿಟ್ಟು ನೀರೂ ಬೇಕಿಲ್ಲ, ಜೇನು ಒಂದು ವರ್ಷದವರೆಗೆ ಅಪಾಯ. ಈ ಮಾತು ಸೊಸೆ ಹೇಳಿದರೆ ಮುನಿಸು ಬೆಳೆಯುತ್ತದೆ. ನೀವೇ ಹೇಳಿ: "ಅಮ್ಮಾ, ಡಾಕ್ಟರು ಖಂಡಿತ ಬೇಡ ಅಂದಿದ್ದಾರೆ."

ಸಂಜೆ ಹೊತ್ತು ಮಗು ರಚ್ಚೆ ಹಿಡಿಯುವುದು ಆರನೇ ವಾರದ ಸುಮಾರಿಗೆ ಹೆಚ್ಚಾಗಿ, ಮೂರು-ನಾಲ್ಕು ತಿಂಗಳಿಗೆ ತಗ್ಗುತ್ತದೆ. ಹೊಟ್ಟೆ ತುಂಬಿದೆ, ಬಟ್ಟೆ ಒಣಗಿದೆ, ಜ್ವರವಿಲ್ಲ, ಆದರೂ ಅಳುತ್ತಿದೆ, ನಿಮ್ಮ ತಾಳ್ಮೆ ಮುಗಿಯುತ್ತಿದೆ ಅನ್ನಿಸಿದರೆ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಆಚೆ ಹೋಗಿ ಬನ್ನಿ. ಯಾವ ಕಾರಣಕ್ಕೂ ಮಗುವನ್ನು ಕುಲುಕಬೇಡಿ, ಮಿದುಳಿಗೆ ಪೆಟ್ಟಾಗುತ್ತದೆ.

ಹೆರಿಗೆಯಾದ ಮೊದಲ ದಿನಗಳಲ್ಲಿ ತಾಯಿ ಸುಮ್ಸುಮ್ನೆ ಅಳುವುದುಂಟು. ಎರಡು ವಾರದೊಳಗೆ ತಾನೇ ಕಡಿಮೆಯಾಗುತ್ತದೆ. ಆಮೇಲೂ ಅಳು ನಿಲ್ಲದಿದ್ದರೆ, ಮಗು ಮಲಗಿದ್ದರೂ ಅವಳಿಗೆ ನಿದ್ದೆ ಬಾರದಿದ್ದರೆ, ಮಗುವಿನ ಕಡೆ ನೋಡಲೂ ಮನಸ್ಸಿಲ್ಲದಿದ್ದರೆ ಅದು ಕಾಯಿಲೆ. ಚಿಕಿತ್ಸೆ ಇದೆ, ವಾಸಿಯಾಗುತ್ತದೆ. ದೃಷ್ಟಿ ತೆಗೆಸಿ ದಿನ ಕಳೆಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆಗೆಟ್ಟು ಕುಸಿದ ಅಪ್ಪಂದಿರೂ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗವಿದೆ. ಸಾಯುವ ಮಾತೋ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಮಾತೋ ಅವಳ ಬಾಯಲ್ಲಿ ಬಂದರೆ ಬೈಯಬೇಡಿ, ಒಬ್ಬಳನ್ನೇ ಬಿಡಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.