ಲಿನೋಕಟ್‌ನಲ್ಲಿ ನಮ್ಮೂರ ರಾತ್ರಿ ಆಕಾಶ

ಲಿನೋದಲ್ಲಿ (ಉಳಿಯಿಂದ ಕೆತ್ತಿ, ಇಂಕ್ ಹಚ್ಚಿ, ಪೇಪರ್ ಮೇಲೆ ಅಚ್ಚು ಒತ್ತೋ ಮೆತ್ತನೆ ಶೀಟ್) ಕೆತ್ತಿದ್ದು ಬೆಳ್ಳಗೆ ಉಳಿಯತ್ತೆ, ಹಾಗಾಗಿ ಶೀಟ್ ಪೂರ್ತಿ ಕತ್ತಲೆ ಅಂದ್ಕೊಂಡು ಬರೀ ಚುಕ್ಕಿ ತೆಗೀತಾ ಹೋಗೋದು ಅಷ್ಟೇ. ಜನವರಿ ಸಂಜೆ ಕಾರವಾರ ಬೀಚಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತ್ರೆ ಗುಡ್ಡದ ಮೇಲೆ ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ) ಕಾಣ್ತಾನಲ್ಲ, ಅವನನ್ನೇ ಸ್ಕೆಚ್ ಮಾಡ್ಕೊಳ್ಳಿ. ಆದ್ರೆ ಪ್ರಿಂಟ್ ಉಲ್ಟಾ ಬರತ್ತೆ! ಎಡಗಡೆ ಇರೋ ಕೆಂಪು ಆರ್ದ್ರಾ ನಕ್ಷತ್ರ ಬಲಕ್ಕೆ ಹೋಗ್ಬಿಡತ್ತೆ (ನನ್ನ ಮೊದಲ ಬ್ಲಾಕ್ ಹಂಗೇ ಹಾಳಾಯ್ತು), ಅದಕ್ಕೇ ಟ್ರೇಸಿಂಗ್ ಪೇಪರ್ ಮಗುಚಿ ಹಾಕಿ ಲಿನೋ ಮೇಲೆ ಇಳಿಸಿ. ದೊಡ್ಡ ನಕ್ಷತ್ರಕ್ಕೆ ವಿ ಆಕಾರದ ಉಳಿ ತುದಿ ಇಟ್ಟು ತಿರುಗಿಸಿದ್ರೆ ಸಾಕು, ಸಣ್ಣದಕ್ಕೆ ದಬ್ಬಣ ಚುಚ್ಚಿ, ಸಾಲಾಗಿ ಬೇಡ, ಅಕ್ಕಿ ಚೆಲ್ಲಿದ ಹಾಗಿರ್ಲಿ. ರೋಲರಲ್ಲಿ ಇಂಕ್ ತೆಳ್ಳಗೆ ಹಚ್ಚಿ, ದಪ್ಪ ಆದ್ರೆ ಚುಕ್ಕಿ ಎಲ್ಲಾ ಮುಚ್ಚೋಗತ್ತೆ. ಮಳೆಗಾಲದಲ್ಲಿ ಆಯಿಲ್ ಇಂಕ್ ಒಣಗೋಕೆ ದಿನಗಟ್ಟಲೆ ಬೇಕು, ಪ್ರಿಂಟ್ ಅಟ್ಟದಲ್ಲಿ ನೇತು ಹಾಕಿ ಸುಮ್ನಿರಿ.