ಚೊಂಗ್‌ಚಿಂಗ್: ದೂರ ಬಿಡಿ, ಎತ್ತರ ಕೇಳಿ

ಚೀನಾ ಪ್ರವಾಸ ಎಂದರೆ ಎಲ್ಲರೂ ಬೀಜಿಂಗ್, ಶಾಂಘೈ ಎನ್ನುತ್ತಾರೆ. ನಾನು ಚೊಂಗ್‌ಚಿಂಗ್‌ಗೆ ಹೋಗಿದ್ದು ಬರೀ ರೈಲಿನ ಹುಚ್ಚಿಗೆ. ಅಪಾರ್ಟ್‌ಮೆಂಟ್ ಕಟ್ಟಡದ ಹೊಟ್ಟೆಯೊಳಗೆ ಮೊನೊರೈಲು ನುಗ್ಗುವ ವಿಡಿಯೊ ನೀವೂ ನೋಡಿರುತ್ತೀರಿ, ಅಲ್ವಾ? ಅದು ಇದೇ ಊರು.

'ಜಗತ್ತಿನ ಅತಿ ದೊಡ್ಡ ನಗರ' ಎಂಬ ಮಾತನ್ನು ಮಾತ್ರ ಸುಮ್ನೆ ನಂಬಬೇಡಿ. 1997ರಲ್ಲಿ ಇದನ್ನು ಸಿಚುವಾನ್ ಪ್ರಾಂತ್ಯದಿಂದ ಬಿಡಿಸಿ ನೇರವಾಗಿ ಕೇಂದ್ರದ ಆಡಳಿತಕ್ಕೆ ತಂದರು. ಆ ಗಡಿಯೊಳಗೆ ಸುಮಾರು 82,000 ಚದರ ಕಿ.ಮೀ. ಜಾಗ ಇದೆ, 3 ಕೋಟಿಗೂ ಜಾಸ್ತಿ ಜನ ಇದ್ದಾರೆ. ಹೊಲ, ಗುಡ್ಡ, ಹಳ್ಳಿ ಎಲ್ಲ ಅದರಲ್ಲೇ ಸೇರಿವೆ. ನಮ್ಮಂಥವರು ಓಡಾಡುವುದು ಯಾಂಗ್‌ತ್ಸೆ ಮತ್ತು ಜಿಯಾಲಿಂಗ್ ನದಿಗಳ ನಡುವಿನ ಯೂಝೊಂಗ್ ಎಂಬ ಕಡಿದಾದ ದಿಣ್ಣೆಯ ಮೇಲೆ. ಅಷ್ಟಕ್ಕೇ ಮೊಣಕಾಲು ಮಾತಾಡತೊಡಗುತ್ತದೆ.

ಹೊರಡುವ ಮೊದಲು ಬೆಂಗಳೂರಿನಲ್ಲೇ ಒಂದಷ್ಟು ಕೆಲಸ ಮುಗಿಸಿಕೊಂಡೆ. ವೀಸಾ ಹೇಗೂ ಬೇಕು. ಅದಕ್ಕಿಂತ ಮುಖ್ಯವಾದದ್ದು ಅಲಿಪೇ ಎಂಬ ಚೀನಾದ ಪಾವತಿ ಆ್ಯಪ್. ಪಾಸ್‌ಪೋರ್ಟ್ ವಿವರ ಕೊಟ್ಟು, ನನ್ನ ಬ್ಯಾಂಕಿನ ವೀಸಾ ಕಾರ್ಡ್ ಜೋಡಿಸಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರದ ಸ್ವಿಚ್ ಆನ್ ಮಾಡಿದೆ. ಒಟಿಪಿ ಬರುವುದು ಇಲ್ಲಿನ ನಂಬರಿಗೆ, ಹಾಗಾಗಿ ಇದನ್ನೆಲ್ಲ ಮನೆಯಲ್ಲಿ ಕೂತು ಮಾಡುವುದೇ ಸರಿ. 200 ಯುವಾನ್‌ವರೆಗಿನ ಪಾವತಿಗೆ ಅಲಿಪೇ ಶುಲ್ಕ ಹಾಕುವುದಿಲ್ಲ, ಮೇಲಾದರೆ ಶೇ. 3 ಹಿಡಿಯುತ್ತದೆ. ಗೆಣಸು ಸುಡುವ ಅಜ್ಜಿಯ ಗಾಡಿಯಲ್ಲೂ ಕ್ಯುಆರ್ ಕೋಡ್ ಇತ್ತು. ಯುಪಿಐ ಕಂಡ ನಮಗೆ ಇದೇನೂ ಬೆರಗಲ್ಲ. ಇಂಟರ್ನೆಟ್ಟಿಗೆ ಇಲ್ಲಿನ ಸಿಮ್‌ನ ರೋಮಿಂಗ್ ಪ್ಯಾಕ್ ಹಾಕಿಸಿದ್ದೆ. ಚೀನಾದಲ್ಲಿ ವಾಟ್ಸ್ಆ್ಯಪ್‌ಗೆ ತಡೆ ಇದೆ, ಹಾಗಾಗಿ ರೋಮಿಂಗ್‌ನಲ್ಲಿ ಅದು ನಡೆಯಿತು, ಹೋಟೆಲಿನ ವೈಫೈನಲ್ಲಿ ಇಲ್ಲ. ದಾರಿಗೆ ಅಲ್ಲಿನವರದೇ ಆಮ್ಯಾಪ್ ಎಂಬ ನಕ್ಷೆಯ ಆ್ಯಪ್ ಇಟ್ಟುಕೊಂಡೆ. ಅದಕ್ಕೆ ಇಂಗ್ಲಿಷ್ ರೂಪವೂ ಇದೆ.

ವಿಮಾನ ನಿಲ್ದಾಣದಿಂದ ಮೆಟ್ರೊದ 10ನೇ ಲೈನ್ ಹಿಡಿದು ಹೊಂಗ್‌ತುದಿಯಲ್ಲಿ ಇಳಿದೆ. ಆ ಪ್ಲಾಟ್‌ಫಾರ್ಮ್ ನೆಲದಿಂದ ಸುಮಾರು 94 ಮೀಟರ್ ಕೆಳಗಿದೆ. ಎಸ್ಕಲೇಟರ್ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಎಸ್ಕಲೇಟರ್. 6ನೇ ಲೈನಿಗೆ ಬದಲಾಯಿಸಿಕೊಂಡೆ. ಕೆಲವೇ ನಿಲ್ದಾಣ ದಾಟಿದ್ದೇ ತಡ, ಕಿಟಕಿಯಾಚೆ ಬೆಳಕು. ಕೆಳಗೆ ನೋಡಿದರೆ ಜಿಯಾಲಿಂಗ್ ನದಿ! ಚಿಯೆನ್‌ಸಿಮೆನ್ ಸೇತುವೆಯ ಮೇಲಂತಸ್ತಿನಲ್ಲಿ ವಾಹನ, ಕೆಳಂತಸ್ತಿನಲ್ಲಿ ನಮ್ಮ ರೈಲು. ಮರುನಿಮಿಷವೇ ಮತ್ತೆ ಗುಡ್ಡದೊಳಗೆ.

ಈ ಊರು ನನಗೆ ಅರ್ಥವಾಗಿದ್ದು ಅಲ್ಲೇ. ರೈಲು ಅಷ್ಟೇನೂ ಹತ್ತಿ ಇಳಿಯುವುದಿಲ್ಲ. ಉಕ್ಕಿನ ಹಳಿಗೆ ಕಡಿದಾದ ಏರು ಆಗಿಬರುವುದಿಲ್ಲ, ಅದಕ್ಕೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹೋಗುತ್ತದೆ. ಏಳುವುದು, ಬೀಳುವುದು ನೆಲ. ಗುಡ್ಡ ಬಂದರೆ ಅದು ಸುರಂಗ, ಕಣಿವೆ ಬಂದರೆ ಸೇತುವೆ. ಏರು ಜಾಸ್ತಿ ಇರುವ ಕಡೆ ಮೊನೊರೈಲು ಹಾಕಿದ್ದಾರೆ, ರಬ್ಬರ್ ಟೈರಿಗೆ ಹಿಡಿತ ಚೆನ್ನಾಗಿ ಸಿಗುತ್ತದೆ.

ವಿಡಿಯೊದ ಆ ಲಿಝಿಬಾ ನಿಲ್ದಾಣ ಇರುವುದು ಇಂಥ ಮೊನೊರೈಲಿನ 2ನೇ ಲೈನಿನಲ್ಲಿ. 19 ಮಹಡಿಯ ಕಟ್ಟಡದಲ್ಲಿ 6ರಿಂದ 8ನೇ ಮಹಡಿವರೆಗೆ ನಿಲ್ದಾಣ, ಅದರ ಮೇಲೆ ಮನೆಗಳು. ಇದ್ದ ಕಟ್ಟಡಕ್ಕೆ ತೂತು ಕೊರೆದು ರೈಲು ಬಿಟ್ಟದ್ದಲ್ಲ. ಎರಡನ್ನೂ ಒಟ್ಟಿಗೇ ಯೋಜಿಸಿ ಕಟ್ಟಿದ್ದಾರೆ. ಹಳಿ ಹೊತ್ತ ಕಂಬಗಳೇ ಬೇರೆ, ಕಟ್ಟಡದ ಕಂಬಗಳೇ ಬೇರೆ, ಹಾಗಾಗಿ ಅದುರು ಮನೆಗಳಿಗೆ ತಟ್ಟುವುದಿಲ್ಲ. ಕೆಳಗಿನ ರಸ್ತೆಯಲ್ಲಿ ಜನ ಬಾಯಿ ತೆರೆದು, ರೈಲನ್ನು ನುಂಗುವ ಹಾಗೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ, ರೈಲಿನೊಳಗೆ ಕೂತವರಿಗೆ ಅದು ಬರೀ ಒಂದು ನಿಲ್ದಾಣ. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಅದರ ಹಿಂದುಮುಂದಿನ ದಾರಿ. ಹ್ವಾಂಗ್‌ಹುವಾಯುವಾನ್‌ನಿಂದ ನದಿಯ ಅಂಚಿನಲ್ಲೇ ತೇಲುವಂತೆ ಬರುವ ರೈಲು, ಲಿಝಿಬಾ ದಾಟಿದ ಮೇಲೆ ಫೋತುಗುವಾನ್ ಕಡೆಗೆ ಗುಡ್ಡ ಹತ್ತುತ್ತದೆ. ಮುಂದಿನ ಡಬ್ಬಿಯಲ್ಲಿ ನಿಂತುಕೊಳ್ಳಿ.

ಇನ್ನು ನಡಿಗೆ. ಮ್ಯಾಪ್‌ನಲ್ಲಿ 100 ಮೀಟರ್ ಎಂದಿದ್ದರೆ ಅದು ನಿಮ್ಮ ತಲೆಯ ಮೇಲೂ ಇರಬಹುದು, ಕಾಲ ಕೆಳಗೂ ಇರಬಹುದು. ನಾನು ಕಂಡುಕೊಂಡ ಉಪಾಯ ಸರಳ. ಹೋಗಬೇಕಾದ ಜಾಗದ ಹೆಸರನ್ನು ಚೀನೀ ಲಿಪಿಯಲ್ಲಿ ಯಾರಿಗಾದರೂ ತೋರಿಸುತ್ತಿದ್ದೆ. ಬೆರಳನ್ನು ಮೇಲೆ ಮಾಡಿ, ಕೆಳಗೆ ಮಾಡಿ ಕೇಳುತ್ತಿದ್ದೆ. ಅವರೂ ಬೆರಳಲ್ಲೇ ಉತ್ತರ ಕೊಡುತ್ತಿದ್ದರು. ಎಡ, ಬಲ ಆಮೇಲಿನ ಮಾತು. ಗೊತ್ತಾದ ಮೇಲೆ ಮೆಟ್ಟಿಲು ಬಿಟ್ಟು ಲಿಫ್ಟ್ ಹುಡುಕುತ್ತಿದ್ದೆ.

ಗುಡ್ಡದ ಇಳಿಜಾರಿಗೆ ಆತುಕೊಂಡ ಹೊಂಗ್ಯಾದೊಂಗ್ ಎಂಬ ಕಟ್ಟಡದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನದಿ ಪಕ್ಕದ ರಸ್ತೆಯಿಂದ ಒಳಹೊಕ್ಕರೆ ಅದು 1ನೇ ಮಹಡಿ. ಲಿಫ್ಟ್ ಹತ್ತಿ 11ನೇ ಮಹಡಿಯಲ್ಲಿ ಹೊರಬಂದರೆ ಅಲ್ಲೂ ರಸ್ತೆ, ಬಸ್ಸು, ಅಂಗಡಿ. ಲಿಯಾಂಗ್‌ಲುಕೊ ಹತ್ತಿರ 112 ಮೀಟರ್ ಉದ್ದದ ಎಸ್ಕಲೇಟರ್ ಇದೆ, 1996ರದ್ದು. 2 ಯುವಾನ್ ಟಿಕೆಟ್. ನಾವು ಸೆಲ್ಫಿ ತೆಗೆಯುತ್ತಿದ್ದರೆ ಊರಿನವರು ತರಕಾರಿ ಚೀಲ ಹಿಡಿದು ಇಳಿಯುತ್ತಿದ್ದರು. ಅವರಿಗೆ ಅದೂ ಒಂದು ರಸ್ತೆ. ಚೀನಾದ ಬೇರೆ ಊರುಗಳಲ್ಲಿ ಎಲ್ಲೆಲ್ಲೂ ಕಾಣುವ ಸೈಕಲ್ಲು ಇಲ್ಲಿ ಅಪರೂಪ, ತುಳಿಯುವವರಾದರೂ ಯಾರು?

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಾಟ್‌ಪಾಟ್ ಎಂದರೆ ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ಬೇಕಾದ್ದನ್ನು ಅದ್ದಿ ಬೇಯಿಸಿ ತಿನ್ನುವ ಊಟ, ಈ ಊರಿನಲ್ಲಿ ಅದರ ಕೆಂಪು ಸಾರಿಗೆ ಹಾಕುವುದು ದನದ ಕೊಬ್ಬು. ತರಕಾರಿ ಮಾತ್ರ ಅದ್ದಿ ತಿಂದರೂ ಅದು ತಪ್ಪುವುದಿಲ್ಲ. ಎರಡು ಭಾಗದ ಪಾತ್ರೆಯ ಬಿಳಿ ಸಾರು ಕೂಡ ಸಾಮಾನ್ಯವಾಗಿ ಮೂಳೆಯದ್ದೇ. ನಾನು ಕೋಳಿ ತಿನ್ನುತ್ತೇನೆ, ಬೀಫ್ ಇಲ್ಲ. ಹಾಗಾಗಿ ಅಣಬೆ ಸಾರು ಕೊಡುವ ಅಂಗಡಿ ಹುಡುಕಿಕೊಂಡೆ. ಅದು ಯುದ್ಧಕಾಲದ ಸುರಂಗದೊಳಗಿತ್ತು. 1938ರಿಂದ 1943ರವರೆಗೆ ಜಪಾನ್ ಈ ಊರಿನ ಮೇಲೆ ಬಾಂಬು ಸುರಿಸಿತು. ಆಗ ಚೀನಾ ಸರ್ಕಾರ ಇಲ್ಲಿಂದಲೇ ನಡೆಯುತ್ತಿತ್ತು. ಜನ ಅಡಗಿಕೊಳ್ಳಲು ಬಂಡೆ ಕೊರೆದ ಸುರಂಗಗಳಲ್ಲಿ ಕೆಲವು ಈಗ ಹಾಟ್‌ಪಾಟ್ ಅಂಗಡಿಗಳು. ಒಳಗೆ ತಂಪು, ಮುಂದೆ ಕುದಿಯುವ ಪಾತ್ರೆ.

ನಾಲಿಗೆ ಜುಮ್ಮೆನ್ನಿಸುವ ಸಿಚುವಾನ್ ಮೆಣಸು ನನಗೆ ಹೊಸದೆನಿಸಲಿಲ್ಲ. ನಮ್ಮ ಕರಾವಳಿಯ ಜುಮ್ಮನಕಾಯಿ ಅದೇ ಕುಲದ ಗಿಡ. ಮೀನು ಸಾರಿಗೆ ಹಾಕುವ ಮನೆಯಲ್ಲಿ ಬೆಳೆದವರಿಗೆ ಆ ಜುಮು ಗುರುತು ಸಿಗುತ್ತದೆ. ಇವರು ಹಾಕುವ ಪ್ರಮಾಣ ಮಾತ್ರ ಬೇರೆ! ಪೂರ್ತಿ ಸಸ್ಯಾಹಾರಿಗಳು ಶಿಯಾವೊಶಿಝಿ ಮೆಟ್ರೊ ಪಕ್ಕದ ಲುವೊಹಾನ್ ಬೌದ್ಧ ದೇವಾಲಯಕ್ಕೆ ಹೋಗಿ. ಅಲ್ಲಿ ನೂಡಲ್ಸ್ ತಿನ್ನುವಾಗ ಯಾವ ಅನುಮಾನವೂ ಬೇಡ.

ಜುಲೈ, ಆಗಸ್ಟ್ ಬೇಡವೇ ಬೇಡ. 2022ರ ಆಗಸ್ಟ್‌ನಲ್ಲಿ ಇಲ್ಲಿನ ಬೆಯ್‌ಬೆಯ್ ಜಿಲ್ಲೆಯಲ್ಲಿ 45 ಡಿಗ್ರಿ ಮುಟ್ಟಿತ್ತು. ಚಳಿಗಾಲದಲ್ಲಿ ಮಂಜು ಮುಸುಕಿ ಎದುರಿನ ದಡವೇ ಕಾಣದ ದಿನಗಳಿರುತ್ತವೆ. ಅಕ್ಟೋಬರ್ ಚೆನ್ನ, ಆದರೆ ಮೊದಲ ವಾರ ಚೀನಾಕ್ಕೆಲ್ಲ ರಾಷ್ಟ್ರೀಯ ರಜೆ. ಆ ರಜೆಯಲ್ಲಿ ಚಿಯೆನ್‌ಸಿಮೆನ್ ಸೇತುವೆಯ ವಾಹನ ನಿಲ್ಲಿಸಿ ಇಡೀ ರಸ್ತೆಯನ್ನು ನಡೆಯುವವರಿಗೆ ಬಿಟ್ಟಿದ್ದೂ ಉಂಟು, ಅಷ್ಟು ಜನ. ಎರಡನೇ ವಾರದ ಟಿಕೆಟ್ ಮಾಡಿಸಿ.