ಜಲ್ಲಿ ನೆಲದ ಮೇಲೊಂದು ತರಕಾರಿ ಮಡಿ

ಮನೆ ಕಟ್ಟಿ ಮುಗಿದ ಮೇಲೆ ಹಿತ್ತಲಲ್ಲಿ ಉಳಿದ ಜಾಗವನ್ನು ಒಮ್ಮೆ ಗುದ್ದಲಿಯಿಂದ ಅಗೆದು ನೋಡಿ. ಬೆಂಗಳೂರು, ಮೈಸೂರಿನ ಹೊಸ ಬಡಾವಣೆಗಳಲ್ಲಾದರೆ ಮೊದಲು ಸಿಗುವುದು ಜಲ್ಲಿ, ಗಾರೆ ಚೂರು, ಒಡೆದ ಟೈಲ್ಸ್. ಸಿಮೆಂಟ್ ಬೆರೆತ ಮಣ್ಣಿನಲ್ಲಿ ಕ್ಷಾರ ಜಾಸ್ತಿ. ಗಿಡಕ್ಕೆ ಕಬ್ಬಿಣದ ಅಂಶ ಸರಿಯಾಗಿ ಸಿಗದೆ ಚಿಗುರು ಹಳದಿಯಾಗುತ್ತದೆ. ಆ ಮಣ್ಣನ್ನು ಸರಿಮಾಡುತ್ತ ಕೂರುವುದಕ್ಕಿಂತ ಅದರ ಮೇಲೆಯೇ ಏರುಮಡಿ ಕಟ್ಟುವುದು ಸುಲಭ. ಇದು ಹೊಸ ವಿದ್ಯೆಯೇನಲ್ಲ. ಮೆಣಸಿನಕಾಯಿ ಸಸಿ ಎಬ್ಬಿಸಲು ರೈತರು ನಾಲ್ಕಾರು ಇಂಚು ಎತ್ತರಿಸಿ ಮಡಿ ಮಾಡುತ್ತಾರಲ್ಲ, ಅದರದೇ ದೊಡ್ಡ ರೂಪ.

ಜಾಗ ಮತ್ತು ಅಳತೆ

ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಮನೆ ಗೋಡೆಗೆ ತಾಗಿಸಿ ಕಟ್ಟಬೇಡಿ, ತೇವ ಗೋಡೆಗೆ ಏರುತ್ತದೆ. ಒಂದೂವರೆ ಅಡಿ ಬಿಟ್ಟರೆ ನಿಮಗೂ ಓಡಾಡಲು ದಾರಿ ಸಿಗುತ್ತದೆ. ಉದ್ದ ಎಷ್ಟಾದರೂ ಇರಲಿ, ಅಗಲ 4 ಅಡಿ ದಾಟಬಾರದು. ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿನ ಕಳೆ ಸಿಗಬೇಕು. ಏರುಮಡಿಯ ಮುಖ್ಯ ನಿಯಮವೇ ಇದು: ಒಳಗೆ ಯಾರೂ ಕಾಲಿಡಬಾರದು. ತುಳಿದರೆ ಮಣ್ಣು ಗಟ್ಟಿಯಾಗಿ, ಪಟ್ಟ ಶ್ರಮವೆಲ್ಲ ದಂಡ.

ಗೋಡೆ

ಮರದ ಹಲಗೆಯ ಚಿತ್ರಗಳು ಚೆಂದ ಕಾಣುತ್ತವೆ. ಆದರೆ ನಮ್ಮಲ್ಲಿ ಗೆದ್ದಲು ಬಿಡಬೇಕಲ್ಲ! ನನ್ನ ಆಯ್ಕೆ 16 ಇಂಚು ಉದ್ದ, 8 ಇಂಚು ಎತ್ತರ, 4 ಇಂಚು ದಪ್ಪದ ಸಿಮೆಂಟ್ ಬ್ಲಾಕ್. ಹೊರ ಅಳತೆ 8 ಅಡಿಗೆ 4 ಅಡಿ ಇರುವ ಮಡಿಗೆ ಒಂದು ವರಸೆಗೆ 17, ಎರಡು ವರಸೆಗೆ 34 ಬ್ಲಾಕ್ ಸಾಕು. ಹಗ್ಗ ಹಿಡಿದು ಗುರುತು ಮಾಡಿ, ಗೋಡೆ ಬರುವಲ್ಲಿ ಮಾತ್ರ 4 ಇಂಚು ಆಳ ತೋಡಿ, ಮೊದಲ ವರಸೆ ಕೂರಿಸಿ. ಮೇಲಿನ ವರಸೆಯ ಸಂದು ಕೆಳಗಿನ ಸಂದಿನ ಮೇಲೆ ಬರದಂತೆ ಜೋಡಿಸಿ. ಗಾರೆ ಬೇಡ. ಆ ಸಂದುಗಳಿಂದಲೇ ಹೆಚ್ಚಿನ ನೀರು ಹೊರಗೆ ಹೋಗುತ್ತದೆ. ನೆಲದ ಮೇಲೆ ಸರಿಯಾಗಿ ಒಂದಡಿ ಎತ್ತರ ಉಳಿಯುತ್ತದೆ.

ರಾಯಚೂರು, ಕಲಬುರಗಿಯ ಬಿಸಿಲಿನವರು ಇಷ್ಟು ಎತ್ತರಕ್ಕೆ ಹೋಗಬೇಡಿ. ಎತ್ತರದ ಮಡಿ ಬೇಗ ಒಣಗುತ್ತದೆ. ಅಲ್ಲಿ ಅರ್ಧ ಅಡಿ ಸಾಕು.

ಹೊಟ್ಟೆ ತುಂಬಿಸುವುದು

ಗೋಡೆ ಒಂದು ಬೆಳಗಿನ ಕೆಲಸ. ಎಡವುವುದು ಇಲ್ಲಿ. ಮೊದಲು ನೆಲದ ಜಲ್ಲಿ ಆರಿಸಿ, ಗುದ್ದಲಿಯಿಂದ ಮೇಲ್ಮೈ ಸಡಿಲಿಸಿ. ತುಂಗೆ ಹುಲ್ಲಿದ್ದರೆ ಗಡ್ಡೆ ಸಮೇತ ಕೀಳಿ, ಇಲ್ಲದಿದ್ದರೆ ಅದು ಒಂದಡಿ ಮಣ್ಣನ್ನೂ ಸೀಳಿಕೊಂಡು ಬರುತ್ತದೆ. ತಳಕ್ಕೆ ನೆನೆಸಿದ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲೆ ಬರುವಂತೆ ಒಂದೇ ಸಾಲು ಹರಡಿ, ಮೇಲೆ ಒಣ ತರಗೆಲೆ ಹಾಕಿ. ತೆಂಗಿನ ತೋಟದವರು ತೇವ ಹಿಡಿದಿಡಲು ಮಾಡುವ ಉಪಾಯವೇ ಇದು.

ಉಳಿದ ಜಾಗಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಎಲೆಗೊಬ್ಬರ ಅಥವಾ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಈ ಮಡಿಯ ಒಳಗೆ ಸುಮಾರು 690 ಲೀಟರ್ ಹಿಡಿಯುತ್ತದೆ. ಅಂದರೆ 15 ಲೀಟರಿನ ಬಕೆಟ್‌ನಲ್ಲಿ ಹತ್ತಿರ ಹತ್ತಿರ 46. ಸಿಪ್ಪೆ, ಎಲೆಯ ಪಾಲು ಕಳೆದರೂ 40 ಬಕೆಟ್ ಬೇಕು. ಎರಡು ಮೂಟೆ ಮಣ್ಣು ತಂದು ಸಾಕು ಅಂದುಕೊಳ್ಳುವವರು ಇದನ್ನು ಮೊದಲೇ ಲೆಕ್ಕ ಹಾಕಿ. ಮಣ್ಣೇ ಇಲ್ಲದೆ ಬರೀ ಗೊಬ್ಬರ, ಕೋಕೋಪೀಟ್ ತುಂಬಬೇಡಿ. ನೋಡಲು ಹಗುರ, ಆದರೆ ಬೇಸಿಗೆಯಲ್ಲಿ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ನೀರು ಹೀರಲು ಸತಾಯಿಸುತ್ತದೆ.

ಗೊಬ್ಬರದಲ್ಲಿ ನಾನೇ ಮೋಸ ಹೋಗಿದ್ದೇನೆ. ಟ್ರಾಕ್ಟರ್‌ನಲ್ಲಿ ಬಂದ ಗೊಬ್ಬರ ಮೇಲೆ ಪುಡಿಪುಡಿ, ಒಳಗೆ ಹಸಿ ಸಗಣಿ. ಕೈ ಹಾಕಿದರೆ ಬೆಚ್ಚಗಿತ್ತು. ಇರಲಿ ಬಿಡು ಅಂತ ಸುಮ್ನೆ ತುಂಬಿದೆ. ವಾರದೊಳಗೆ ಬದನೆ ಸಸಿ ಸುಟ್ಟಂತಾದವು. ಉಳಿದವುಗಳ ಬೇರನ್ನು ಗೊಣ್ಣೆ ಹುಳು ಕತ್ತರಿಸಿತು. ಕಳಿತ ಗೊಬ್ಬರ ಕಪ್ಪಗೆ, ತಣ್ಣಗೆ ಇರಬೇಕು, ಮಳೆ ಬಿದ್ದ ನೆಲದ ವಾಸನೆ ಬರಬೇಕು. ಬೆಚ್ಚಗಿದ್ದರೆ ಮೂಲೆಯಲ್ಲಿ ರಾಶಿ ಹಾಕಿ, ನೀರು ಚಿಮುಕಿಸಿ, ಮಗುಚುತ್ತ ಎರಡು ಮೂರು ತಿಂಗಳು ಬಿಡಿ. ಅಷ್ಟರವರೆಗೆ ಎರೆಗೊಬ್ಬರ ಬಳಸಬಹುದು. ತುಂಬುವಾಗ ಎರಡು ಕೆಜಿ ಬೇವಿನ ಹಿಂಡಿಯನ್ನೂ ಬೆರೆಸಿ.

ಬಿತ್ತನೆ

ತುಂಬಿದ ದಿನವೇ ಬಿತ್ತಬೇಡಿ. ದಿನಾ ನೀರು ಹಾಕಿ ಎರಡು ವಾರ ಬಿಟ್ಟರೆ ಮಣ್ಣು ಕೂರುತ್ತದೆ, ಅಡಗಿದ್ದ ಕಳೆಯೂ ಮೊಳೆತು ಕೈಗೆ ಸಿಗುತ್ತದೆ. ಮೊದಲ ಬೆಳೆ ಹರಿವೆ ಅಥವಾ ಮೆಂತ್ಯ ಇರಲಿ. ತಿಂಗಳೊಳಗೆ ಸಾರಿಗೆ ಬರುತ್ತದೆ, ಮಡಿಯ ಯಾವ ಮೂಲೆ ಸೊರಗಿದೆ ಅನ್ನುವುದೂ ಗೊತ್ತಾಗುತ್ತದೆ. ಹರಿವೆ ಬೀಜ ತೀರಾ ಸಣ್ಣದು, ಮರಳಿನ ಜೊತೆ ಬೆರೆಸಿ ಎರಚಿ. ಇರುವೆ ಹೊತ್ತುಕೊಂಡು ಹೋಗುತ್ತಿದ್ದರೆ ಅಂಚಿನಲ್ಲಿ ಸ್ವಲ್ಪ ಅಕ್ಕಿ ನುಚ್ಚು ಚೆಲ್ಲಿ. ಅದರ ಹೊಟ್ಟೆಗೂ ಏನಾದರೂ ಬೇಕಲ್ವಾ?

ಆಮೇಲೆ ಬೆಂಡೆ, ಬದನೆ, ಟೊಮೆಟೊ. ಬೆಂಡೆಗೆ ಗಿಡದಿಂದ ಗಿಡಕ್ಕೆ ಒಂದಡಿ, ಬದನೆಗೆ ಎರಡಡಿ. ಒಳಗೆ ಹೆಚ್ಚುಕಡಿಮೆ 24 ಚದರ ಅಡಿ ಜಾಗ, ಅಂದರೆ ಬದನೆ ಆರೇ ಗಿಡ. ಇನ್ನೆರಡು ತುರುಕುವ ಆಸೆ ಎಲ್ಲರಿಗೂ ಆಗುತ್ತದೆ. ಹೀರೆ, ಹಾಗಲದ ಚಪ್ಪರ ಉತ್ತರದ ತುದಿಗಿರಲಿ, ವರ್ಷದ ಹೆಚ್ಚು ತಿಂಗಳು ನೆರಳು ಮಡಿಯ ಹೊರಗೆ ಬೀಳುತ್ತದೆ. ಗಿಡದ ಬುಡಕ್ಕೆ ಎರಡು ಇಂಚು ಒಣ ಎಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ನೀರಿಗೆ ವೇಳಾಪಟ್ಟಿ ಬೇಡ. ಬೆರಳು ಎರಡು ಇಂಚು ಒಳಗಿಳಿಸಿ ನೋಡಿ, ಒಣಗಿದ್ದರೆ ಹಾಕಿ.

ಮಳೆಗಾಲ ಮುಗಿಯುವಷ್ಟರಲ್ಲಿ ಮಣ್ಣು ಎರಡು ಮೂರು ಇಂಚು ಇಳಿದಿರುತ್ತದೆ. ಗಾಬರಿ ಬೇಡ, ಅಷ್ಟೇ ಗೊಬ್ಬರ ಮೇಲೆ ಹಾಕಿ. ಬೆಳೆ ಮುಗಿದಾಗ ಬೆಂಡೆ, ಟೊಮೆಟೊ ಗಿಡ ಒಂದೊಂದನ್ನು ಕಿತ್ತು ಬೇರು ನೋಡಿ. ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಅದು ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳದ ಕೆಲಸ. ಬೇರುಗಳನ್ನೆಲ್ಲ ತೆಗೆದು ಹೊರಗೆ ಹಾಕಿ, ಮುಂದಿನ ಮೂರು ತಿಂಗಳು ಮಡಿ ತುಂಬ ಚೆಂಡು ಹೂ ಬೆಳೆಯಿರಿ.